ರಸ್ತೆ ಯಾರ ಕಡೆ ಬಾಗುತ್ತದೆ?

ಮಳೆಗಾಲದಲ್ಲಿ ಕಾಗಿಣಾ ಹೊಳೆ ತುಂಬಿ ಬಂದಾಗ ಸೇಡಂ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ಒಬ್ಬರನ್ನೊಬ್ಬರು ಮೊದಲು ಕೇಳುವ ಮಾತು, ‘ಮಳಖೇಡ ಬ್ರಿಜ್ ಮ್ಯಾಲ ನೀರು ಬಂದದೇನ್ರಿ?’ ಬಂದಿದ್ದರೆ ಆ ದಿನದ ಪ್ರಯಾಣ ಮುಗಿದಂತೆ. ಕಲಬುರಗಿಗೆ ಹೆರಿಗೆಗೆಂದು ಹೊರಟ ಹೆಣ್ಣುಮಗಳು, ಕಾಲೇಜಿಗೆ ಹೊರಟ ಹುಡುಗರು, ಹೆಸರುಕಾಳಿನ ಚೀಲ ಹೇರಿಕೊಂಡ ಟ್ರ್ಯಾಕ್ಟರು, ಸಿಮೆಂಟ್ ಲಾರಿಗಳು ಎಲ್ಲ ದಂಡೆಯ ಆಚೆ ಈಚೆ ಸಾಲುಗಟ್ಟಿ ನಿಲ್ಲುತ್ತವೆ. ವಾಗ್ದರಿಯಿಂದ ತೆಲಂಗಾಣದ ಗಡಿಯ ರಿಬ್ಬನಪಲ್ಲಿಗೆ ಹೋಗುವ ರಾಜ್ಯ ಹೆದ್ದಾರಿ 10 ಇದು. ಈ ರಸ್ತೆ ಸರಿಯಾಗಬೇಕು, ಈ ಸೇತುವೆ ಎತ್ತರವಾಗಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಪರಂಪರೆಯ ಹೆಸರಿನಲ್ಲಿ ರಸ್ತೆ ಬೇಡ ಎನ್ನುವವರು ಒಂದು ಮಳೆಗಾಲ ಆ ದಂಡೆಯ ಮೇಲೆ ನಿಂತು ನೋಡಬೇಕು.

ಆದರೆ ಅದೇ ದಂಡೆಯ ಮೇಲೆ ಬೇರೆ ಕೆಲವೂ ನಿಂತಿವೆ. ಮಳಖೇಡ ಎಂದರೆ ಮಾನ್ಯಖೇಟ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ರಾಜಧಾನಿ, ಕ್ರಿ.ಶ. 850ರ ಆಸುಪಾಸಿನ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಹೊಳೆಯ ಮಗ್ಗುಲಿಗೇ ಕೋಟೆ, ಕೋಟೆಯೊಳಗೆ ಇಂದಿಗೂ ಜನರ ಮನೆಗಳು, ಊರಲ್ಲಿ ಜೈನ ಬಸದಿ, ದರ್ಗಾ, ಹೊಳೆ ಉಕ್ಕಿದಾಗ ನೀರಲ್ಲಿ ನಿಲ್ಲುವ ಉತ್ತರಾದಿ ಮಠದ ಜಯತೀರ್ಥರ ವೃಂದಾವನ. ಅಲ್ಲಿಂದ ಸ್ವಲ್ಪ ದೂರಕ್ಕೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಸಾವಿರ ವರ್ಷದ ಅಂತರ ಒಂದೇ ನೋಟದಲ್ಲಿ ಕಾಣುವ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಇಡೀ ಸೀಮೆಯೇ ಹೀಗೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರವಿತ್ತು. 1058ರ ಶಾಸನ ಅಲ್ಲಿನ ವಿದ್ಯಾರ್ಥಿಗಳ ಲೆಕ್ಕ, ಉಪಾಧ್ಯಾಯರ ಲೆಕ್ಕದ ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರ ಲೆಕ್ಕವನ್ನೂ ಕೊಡುತ್ತದೆ. ಪುಸ್ತಕ ಕಾಯುವುದಕ್ಕೇ ಆರು ಜನ! ಭೀಮೆಯ ದಂಡೆಯಲ್ಲಿ ಸನ್ನತಿ, ಅದರ ಹತ್ತಿರ ಕನಗನಹಳ್ಳಿಯ ಬೌದ್ಧ ಸ್ತೂಪ. ವಾಡಿಯಲ್ಲಿ 1874ರಲ್ಲಿ ನಿಜಾಮರ ಸೀಮೆಗೆ ಕವಲೊಡೆದ ರೈಲು ಜಂಕ್ಷನ್. ಶಹಾಬಾದಿನಲ್ಲಿ ದೇಶದ ಅರ್ಧ ಮನೆಗಳಿಗೆ ನೆಲವಾದ ಪರ್ಸಿ ಕಲ್ಲಿನ ಗಣಿಗಳು. ಚಿಂಚೋಳಿಯಲ್ಲಿ ಕಾಡು. ಇವುಗಳ ನಡುವೆ ಕಲ್ಲು, ಸಿಮೆಂಟು ಹೊತ್ತ ಲಾರಿಗಳು ಹಗಲು ರಾತ್ರಿ ಓಡುತ್ತವೆ. ಕೆಳಗೆ ಎರೆಮಣ್ಣು. ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ನೆಲ. ಹಾಗಾಗಿ ನಮ್ಮ ಕಡೆ ರಸ್ತೆ ಮರುನಿರ್ಮಾಣ ಯಾವತ್ತಿಗೂ ಮುಗಿಯದ ಕೆಲಸ.

ರಸ್ತೆ ಅಗಲ ಮಾಡಬೇಕಾದಾಗ ಗೆರೆ ಯಾವ ಕಡೆ ಸರಿಯುತ್ತದೆ? ಎಡಕ್ಕೆ ಒಬ್ಬರ ನೀರಾವರಿ ಹೊಲ, ಬಲಕ್ಕೆ ಊರ ದನ ಮೇಯುವ ಗೋಮಾಳ, ನಮ್ಮ ಕಡೆಯ ಮಾತಿನಲ್ಲಿ ಗಾಯರಾಣ. ಹೊಲ ತೆಗೆದುಕೊಂಡರೆ ಪರಿಹಾರ ಕೊಡಬೇಕು; ಮಾಲೀಕ ಒಪ್ಪದಿದ್ದರೆ ಕೋರ್ಟು, ಕೋರ್ಟಿಗೆ ಹೋದರೆ ವರ್ಷಗಟ್ಟಲೆ. ಗಾಯರಾಣಕ್ಕೆ ಪಹಣಿಯಲ್ಲಿ ಸರ್ಕಾರದ ಹೆಸರಿದೆ. ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಕಡತ ಹೋದರೆ ಸಾಕು. ಹಾಳುಬಿದ್ದ ಗುಡಿ, ಊರ ಹಳೆಯ ಬಾವಿ, ಊರಬಾಗಿಲ ಅಗಸಿ, ಕಾವಲಿನ ಹುಡೇವು ಇವಕ್ಕೂ ಅಷ್ಟೇ, ವಕಾಲತ್ತು ಹಾಕುವವರಿಲ್ಲ. ‘ಸರ್ಕಾರಿ ಜಾಗ ಅದ, ಯಾರ್ ಕೇಳ್ತಾರ್ರಿ?’ ಎಂಬ ಮಾತನ್ನು ನಾನು ಹಳ್ಳಿಕಟ್ಟೆಯಲ್ಲೂ ಕೇಳಿದ್ದೇನೆ, ಕಚೇರಿಯ ಮೇಜಿನ ಮುಂದೆಯೂ ಕೇಳಿದ್ದೇನೆ. ಎಂಜಿನಿಯರುಗಳನ್ನು ಇದಕ್ಕಾಗಿ ದೂರುವುದು ತಪ್ಪು. ಕಡಿಮೆ ಖರ್ಚಿನಲ್ಲಿ, ಕಡಿಮೆ ತಕರಾರಿನಲ್ಲಿ ಕೆಲಸ ಮುಗಿಸು ಎಂದು ನಾವೇ ಅವರಿಗೆ ಹೇಳಿದ್ದೇವೆ. ಆ ಲೆಕ್ಕದಲ್ಲಿ ರಸ್ತೆ ಬಾಗುವುದು ಬಾಯಿಲ್ಲದವರ ಕಡೆಗೆ.

ಈ ಮಾತನ್ನು ನಮಗಿಂತ ಮೊದಲೇ ಒಂದು ದೊಡ್ಡ ಕೋರ್ಟು ಗಮನಿಸಿತ್ತು. ಅಮೆರಿಕದಲ್ಲಿ 1966ರ ಒಂದು ಕಾನೂನು, ಸಾರ್ವಜನಿಕ ಉದ್ಯಾನ ಅಥವಾ ಐತಿಹಾಸಿಕ ಸ್ಥಳದ ಮೇಲೆ ಹೆದ್ದಾರಿ ಹಾಯಿಸಬೇಕಾದರೆ ಕಾರ್ಯಸಾಧ್ಯವೂ ವಿವೇಕಯುತವೂ ಆದ ಬೇರೆ ದಾರಿ ಇಲ್ಲವೆಂದು ಮೊದಲು ತೋರಿಸಬೇಕು ಎಂದಿತು. ಮೆಂಫಿಸ್ ನಗರದ ಓವರ್ಟನ್ ಪಾರ್ಕ್ 342 ಎಕರೆಯದು, ಅದರೊಳಗೆ ಹಳೆಯ ಕಾಡೂ ಇದೆ. ಅದರ ನಡುವೆ ಅಂತರರಾಜ್ಯ ಹೆದ್ದಾರಿ 40 ಒಯ್ಯಲು ಹೊರಟಾಗ ಊರವರು ಸುಪ್ರೀಂ ಕೋರ್ಟಿಗೆ ಹೋದರು. 1971ರ ತೀರ್ಪಿನಲ್ಲಿ ಕೋರ್ಟು ಮಾಡಿದ ತರ್ಕ ಸರಳ: ಸಾರ್ವಜನಿಕ ಜಾಗ ಯಾವಾಗಲೂ ಅಗ್ಗ, ಅಲ್ಲಿ ಯಾರ ಮನೆಯನ್ನೂ ಎಬ್ಬಿಸಬೇಕಿಲ್ಲ, ಖರ್ಚಿನ ತಕ್ಕಡಿಯಲ್ಲಿ ತೂಗಿದರೆ ಪ್ರತಿಸಲವೂ ಉದ್ಯಾನವೇ ಸೋಲುತ್ತದೆ, ಖರ್ಚೇ ಮುಖ್ಯವಾಗಿದ್ದರೆ ಈ ಕಾನೂನು ಮಾಡುವ ಅಗತ್ಯವೇ ಇರಲಿಲ್ಲ. ಹೆದ್ದಾರಿ ಆ ಉದ್ಯಾನದೊಳಗೆ ಹೋಗಲಿಲ್ಲ, ಊರನ್ನು ಸುತ್ತಿಕೊಂಡು ಹೋಯಿತು. ಮೆಂಫಿಸ್ಸಿಗೂ ಮಳಖೇಡಕ್ಕೂ ಹೋಲಿಕೆ ಇಲ್ಲ, ಆದರೆ ತಕ್ಕಡಿ ಒಂದೇ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಈ 100 ಮೀಟರ್ ಒಳಗೆ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ಅವಕಾಶ ಕೊಡುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆಯಲ್ಲಿ ಪಾಸಾಗಿತ್ತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು, ಕಾಯ್ದೆಯಾಗಲಿಲ್ಲ. ಒಳ್ಳೆಯದೇ ಆಯಿತು. ರಾಜ್ಯದ ಪಟ್ಟಿಯ ಸ್ಮಾರಕಗಳಿಗೆ 1961ರ ನಮ್ಮದೇ ಕಾಯ್ದೆ ಇದೆ.

ಆದರೆ ಈ ಎರಡೂ ಕಾಯ್ದೆ ಕಾಯುವುದು ಪಟ್ಟಿಯಲ್ಲಿ ಇರುವುದನ್ನು. ಸೇಡಂ, ಚಿತ್ತಾಪುರ ಸೀಮೆಯ ಯಾವ ಹಳ್ಳಿಗೆ ಹೋದರೂ ಹನುಮಪ್ಪನ ಗುಡಿಯ ಮುಂದೆ ಒಂದು ವೀರಗಲ್ಲು, ಕಟ್ಟೆಯ ಹಾಸಿನಲ್ಲಿ ಅರ್ಧ ಸವೆದ ಅಕ್ಷರದ ಒಂದು ಕಲ್ಲು, ಬಾವಿಯ ಗೋಡೆಯಲ್ಲಿ ಯಾವುದೋ ಗುಡಿಯ ಕಂಬದ ತುಂಡು ಸಿಗುತ್ತದೆ. ಅವು ಯಾವ ಪಟ್ಟಿಯಲ್ಲೂ ಇಲ್ಲ. ನಿಜಾಮರ ಕಾಲದ ಕಲ್ಲಿನ ಕಚೇರಿಗಳು, ವಾಡಿ–ಶಹಾಬಾದಿನ ರೈಲ್ವೆಯ ಹಳೆಯ ಕಟ್ಟಡಗಳು, ಕಾರ್ಖಾನೆಯ ಕಾಲೊನಿಗಳಲ್ಲಿಯೂ ಎಷ್ಟೋ ಪಟ್ಟಿಯ ಹೊರಗೇ. ಜೆಸಿಬಿಗೆ ಅವು ಕಲ್ಲು, ಅಷ್ಟೇ.

ಇನ್ನು ತಕರಾರು ಹೇಳುವ ಅವಕಾಶ. ರಾಷ್ಟ್ರೀಯ ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಅಧಿಸೂಚನೆ ಬಂದ 21 ದಿನದೊಳಗೆ ಆ ಭೂಮಿಯಲ್ಲಿ ಹಿತಾಸಕ್ತಿ ಇರುವವರು ಆಕ್ಷೇಪಣೆ ಕೊಡಬಹುದು. 2013ರ ಭೂಸ್ವಾಧೀನ ಕಾಯ್ದೆ ತಂದ ಸಾಮಾಜಿಕ ಪರಿಣಾಮದ ಅಧ್ಯಯನ ಇದಕ್ಕೆ ಅನ್ವಯಿಸುವುದಿಲ್ಲ. ಅದರ ಪರಿಹಾರದ ಲೆಕ್ಕ ಮಾತ್ರ 2015ರಿಂದ ಅನ್ವಯಿಸುತ್ತದೆ. ಹೊಲದ ಒಡೆಯನಿಗೆ ಹಿತಾಸಕ್ತಿ ಇದೆ, ಸರಿ. ಗಾಯರಾಣದಲ್ಲಿ ಎಮ್ಮೆ ಬಿಡುವವಳಿಗೆ? ಅಮಾವಾಸ್ಯೆಗೊಮ್ಮೆ ಆ ಹಾಳು ಗುಡಿಗೆ ಎಣ್ಣೆ ಹಚ್ಚುವವನಿಗೆ? ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನೋಟಿಸು ಅವರ ಮನೆ ಬಾಗಿಲಿಗೆ ಬರುವುದಿಲ್ಲ.

ಪರಿಸರ ಅನುಮತಿಯ ಜರಡಿಯೂ ದೊಡ್ಡ ಕಣ್ಣಿನದು. 2013ರ ಬದಲಾವಣೆಯ ನಂತರ ಈಗಿರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿಲೋಮೀಟರ್ ದಾಟಿ, ಹಳೆಯ ಜಾಡಿನಲ್ಲಿ ಹೆಚ್ಚುವರಿ ಅಗಲ 40 ಮೀಟರ್ ಮೀರಿದರೆ ಮಾತ್ರ ಅದಕ್ಕೆ ಸಿಕ್ಕುತ್ತದೆ. ಒಂದು ತಾಲ್ಲೂಕಿನಿಂದ ಇನ್ನೊಂದು ತಾಲ್ಲೂಕಿಗೆ ಹೋಗುವ ಅಗಲೀಕರಣ ಆ ಕಣ್ಣಲ್ಲಿ ಸಲೀಸಾಗಿ ಜಾರಿಹೋಗುತ್ತದೆ.

ಚಿಂಚೋಳಿಯಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಅಲ್ಲಿ 134.88 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಕೊಂಚಾವರಂ ಕಾಡಿನ ದಾರಿ ಅಗಲ ಮಾಡಬೇಕೆಂದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1972ರ ವನ್ಯಜೀವಿ ಕಾಯ್ದೆ ಎರಡೂ ಅಡ್ಡ ನಿಲ್ಲುತ್ತವೆ. ತಡವಾಗುತ್ತದೆ ಎಂದು ಅಲ್ಲಿಯವರು ಗೊಣಗುವುದುಂಟು, ಅದೂ ನ್ಯಾಯವೇ. ಆದರೆ ಕಾಡಿಗೆ ಬಾಗಿಲು ಕಾಯುವವನೊಬ್ಬ ಇದ್ದಾನೆ. ಅದೇ ತಾಲ್ಲೂಕಿನ ಗಾಯರಾಣಕ್ಕೆ ಇಲ್ಲ. ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮವೇ ಹೇಳುತ್ತದೆ. ಊರ ಸಾಮೂಹಿಕ ಜಮೀನುಗಳನ್ನು ಒತ್ತುವರಿಯಿಂದ ಬಿಡಿಸಿ ಊರಿಗೆ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಖಾಸಗಿಯವರು ಗಾಯರಾಣ ನುಂಗಿದರೆ ಒತ್ತುವರಿ. ರಸ್ತೆ ನುಂಗಿದರೆ ಅಭಿವೃದ್ಧಿ. ಮೇವು ಕಳೆದುಕೊಂಡ ಎಮ್ಮೆಗೆ ಎರಡೂ ಒಂದೇ. ರಸ್ತೆಗೆ ಗಾಯರಾಣದ ಜಾಗ ಬೇಕೇ ಬೇಕು ಎಂದಾದರೆ ಅಷ್ಟೇ ಜಾಗವನ್ನು ಅದೇ ಊರಲ್ಲಿ ಕೊಂಡು ಕೊಡಬೇಕು, ಆ ಖರ್ಚು ರಸ್ತೆಯ ಅಂದಾಜು ಪಟ್ಟಿಯಲ್ಲೇ ಇರಬೇಕು. ಆಗ ಎರಡೂ ಬದಿಯ ನೆಲಕ್ಕೆ ಬೆಲೆ ಬರುತ್ತದೆ, ಗೆರೆ ಎಳೆಯುವ ಕೈ ಎರಡೂ ಕಡೆ ನೋಡುತ್ತದೆ.

ಗೆರೆಯ ಮೇಲಿರುವುದಷ್ಟೇ ಹೋಗುತ್ತದೆ ಎಂದುಕೊಳ್ಳಬೇಡಿ. ಗೆರೆಯಿಂದ ಮೈಲಿ ದೂರ ಇರುವುದೂ ಹೋಗುತ್ತದೆ, ಮುರುಮಿನ ರೂಪದಲ್ಲಿ. ಎರೆಮಣ್ಣಿನ ಮೇಲೆ ನೇರವಾಗಿ ರಸ್ತೆ ನಿಲ್ಲದು, ಕೆಳಗೆ ಗಟ್ಟಿ ಮಣ್ಣು ಹಾಕಿ ಏರಿ ಕಟ್ಟಬೇಕು. ಆ ಮಣ್ಣು ಎಲ್ಲಿಂದ? ಊರ ಹೊರಗಿನ ದಿಬ್ಬದಿಂದ. ನಮ್ಮ ನದಿದಂಡೆಯ ದಿಬ್ಬಗಳಲ್ಲಿ ಎಷ್ಟೋ ದೇವರು ಮಾಡಿದ ದಿಬ್ಬಗಳಲ್ಲ, ಮನುಷ್ಯ ಬದುಕಿ ಬಿಟ್ಟುಹೋದ ಊರುಗಳು. ಕೆಂಪು–ಕಪ್ಪು ಮಡಕೆ ಚೂರು, ಬೂದಿ, ಇಟ್ಟಿಗೆ ಕಂಡರೆ ಅಲ್ಲಿ ನಿಲ್ಲಬೇಕು. ಕನಗನಹಳ್ಳಿಯೂ ದಿಬ್ಬವೇ ಆಗಿತ್ತು. ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ ಅಗೆದಾಗ ಒಳಗಿಂದ ಅಧೋಲೋಕ ಮಹಾಚೈತ್ಯವೆಂಬ ಮಹಾಸ್ತೂಪ, ಅದಕ್ಕೆ ಹೊದಿಸಿದ್ದ ಶಿಲ್ಪದ ಚಪ್ಪಡಿಗಳು ಬಂದವು. ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಛತ್ರ, ಚಾಮರ. ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’. ಅಶೋಕನ ಹೆಸರು ಬರೆದ ಅಶೋಕನ ಚಿತ್ರ. ಅದು ಸಿಮೆಂಟ್‌ಗಾಗಿ ಸುಡುವ ಅದೇ ನಮ್ಮ ಸುಣ್ಣಕಲ್ಲಿನಲ್ಲಿ ಕೆತ್ತಿದ್ದು! ಆ ದಿಬ್ಬದ ಮಣ್ಣು ರಸ್ತೆಗೆ ಹೋಗಿದ್ದರೆ ಯಾರಿಗೆ ತಿಳಿಯುತ್ತಿತ್ತು?

ಸನ್ನತಿಯ ಇನ್ನೊಂದು ಕಲ್ಲನ್ನು ನೋಡಿ. 1980ರ ದಶಕದಲ್ಲಿ ಚಂದ್ರಲಾಂಬೆ ಗುಡಿಯ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸಲು ಕಲ್ಲಿನ ನಡುವೆ ಚೌಕಾಕಾರದ ಕುಳಿ ಕೊರೆದಿದ್ದರು. ಆ ಚೌಕದಲ್ಲಿದ್ದ ಅಕ್ಷರಗಳು ಹೋದವು, ಸುತ್ತಲಿನವು ಉಳಿದವು. ಕೊರೆದವನಿಗೆ ಅಕ್ಷರ ಓದಲು ಬರುತ್ತಿರಲಿಲ್ಲ. ಇಂದು ರಸ್ತೆಗೆ ಕಲ್ಲು ಒಡೆಸುವವರಿಗೆ ಆ ನೆವವಿಲ್ಲ, ಓದುವವರನ್ನು ಕರೆಯಬಹುದು. ಹುಣಸಗಿ ಬಳಿಯ ಇಸಾಂಪುರದಲ್ಲಿ ನೀರಾವರಿ ಕಾಮಗಾರಿಗೆ ಮೇಲ್ಮಣ್ಣು ತೆಗೆದ ಜಾಗದಲ್ಲೇ ಆದಿಮಾನವನ ಕಲ್ಲಾಯುಧದ ಕಾರ್ಯಾಗಾರ ಬಯಲಾಯಿತು. ಕೆ. ಪದ್ದಯ್ಯನವರ ಕಣ್ಣಿಗೆ ಅದು ಬಿದ್ದದ್ದು ನಮ್ಮ ಪುಣ್ಯ. ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಆಮೇಲೆ ಲೆಕ್ಕ ಸಿಕ್ಕಿತು. ಅಂಥ ಕಣ್ಣು ಪ್ರತಿ ಮುರುಮಿನ ಗುಂಡಿಯ ಬಳಿ ಇರುವುದಿಲ್ಲ.

ಅಗೆಯುವಾಗ ಏನಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಧಿ ಕಾಯ್ದೆ 1878ರಿಂದ ಇದೆ. ತಿಳಿಸುವವರು ಕಡಿಮೆ, ಏಕೆಂದರೆ ತಿಳಿಸಿದರೆ ಕೆಲಸ ನಿಲ್ಲುತ್ತದೆ, ಯಂತ್ರದ ಬಾಡಿಗೆ ಏರುತ್ತದೆ. ವಿಶ್ವಬ್ಯಾಂಕ್ ಸಾಲದ ಯೋಜನೆಗಳಲ್ಲಿ ಹೀಗೆ ಆಕಸ್ಮಿಕವಾಗಿ ಸಿಕ್ಕದ್ದನ್ನು ಏನು ಮಾಡಬೇಕೆಂಬ ವಿಧಾನ ಇರುತ್ತದೆ. ಎಲ್ಲ ರಸ್ತೆ ಗುತ್ತಿಗೆಯಲ್ಲೂ ಅದು ಬರಬೇಕು, ಕೆಲಸ ನಿಂತ ದಿನಗಳ ನಷ್ಟವನ್ನು ಗುತ್ತಿಗೆದಾರನ ಮೇಲೆ ಹೊರಿಸಬಾರದು. ಪ್ರಾಮಾಣಿಕತೆಗೆ ದಂಡ ಹಾಕಿದರೆ ಮೂರ್ತಿಗಳು ರಾತ್ರೋರಾತ್ರಿ ಮತ್ತೆ ಮಣ್ಣಿಗೆ ಹೋಗುತ್ತವೆ.

ಮೊದಲೇ ನೋಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಹಂಪಿ ಇದೆ. ತಳವಾರಘಟ್ಟದಿಂದ ಆನೆಗೊಂದಿಗೆ ತುಂಗಭದ್ರೆಯ ಮೇಲೆ ಸೇತುವೆ ಕಟ್ಟಲು ಹೊರಟಾಗ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು, ವರ್ಷಗಟ್ಟಲೆ ಅರೆಬರೆ ಕಂಬಗಳು ನದಿಯಲ್ಲಿ ನಿಂತವು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿ 22ರಂದು, ಮತ್ತೆ ಕೆಲಸ ಶುರುವಾಗಿದ್ದ ಸೇತುವೆ ಕುಸಿದು ಕೂಲಿಕಾರರು ಸತ್ತರು. ಆನೆಗೊಂದಿಯವರಿಗೆ ದಾಟಲು ದಾರಿ ಬೇಕಿದ್ದದ್ದು ನಿಜವೇ, ಅವರು ತೆಪ್ಪದಲ್ಲಿ ದಾಟುತ್ತಿದ್ದವರು. ಕೊನೆಗೆ ಸೇತುವೆ ಬಂತು, ಬುಕ್ಕಸಾಗರ–ಕಡೇಬಾಗಿಲು ನಡುವೆ, ಸ್ಮಾರಕಗಳ ನಡುಭಾಗದಿಂದ ದೂರಕ್ಕೆ. ಆ ಜಾಗ ಮೊದಲೂ ಅಲ್ಲೇ ಇತ್ತು.

ಶ್ರೀರಂಗಪಟ್ಟಣದಲ್ಲಿ ರೈಲು ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಮೆಚ್ಚಬೇಕಾದ ಕೆಲಸ. ಆದರೆ ಕಟ್ಟಡವನ್ನು ಸರಿಸಬಹುದು, ದಿಬ್ಬವನ್ನು ಸರಿಸಲಾಗದು.

ಇನ್ನೊಂದು ಹಾನಿ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ಸೇಡಂ ಕಡೆಯ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯ ಮನೆ ರಸ್ತೆಗೆ ಮುಖ ಮಾಡಿ ನಿಂತಿದೆ. ನಾನು ಚಿಕ್ಕವನಿದ್ದಾಗ ರಸ್ತೆಯಿಂದ ಮೂರು ಪರ್ಸಿ ಮೆಟ್ಟಿಲು ಹತ್ತಿ ಹೊಸ್ತಿಲು ದಾಟುತ್ತಿದ್ದೆವು. ಮೇಲಿನ ಮೆಟ್ಟಿಲ ಮೇಲೆ ಕೂತು ಅತ್ತೆ ಅಕ್ಕಿ ಆರಿಸುತ್ತಿದ್ದಳು. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಮತ್ತೊಂದು, ಆಮೇಲೆ ಸಿಮೆಂಟ್ ರಸ್ತೆ. ಒಂದೊಂದೇ ಮೆಟ್ಟಿಲು ಒಳಗೆ ಹೋಯಿತು. ಈಗ ರಸ್ತೆಯಿಂದ ಮನೆಗೆ ಒಂದು ಮೆಟ್ಟಿಲು ಇಳಿಯಬೇಕು. ಮಳೆ ಬಂದರೆ ಹೊಸ್ತಿಲಿಗೆ ಮಣ್ಣಿನ ಚೀಲ ಇಡುತ್ತಾರೆ. ಅದೇ ಸಾಲಿನ ಮಾರುತಿ ಗುಡಿಯ ಬಾಗಿಲ ಚೌಕಟ್ಟಿನ ಕೆಳಗಿದ್ದ ಕೆತ್ತನೆಯ ಪಟ್ಟಿ ಈಗ ಕಾಣುವುದೇ ಇಲ್ಲ. ಊರ ಅಗಸಿಯ ಕಮಾನಿನ ಕೆಳಗೆ ಹೊಟ್ಟಿನ ಬಂಡಿ ಸಲೀಸಾಗಿ ಹೋಗುತ್ತಿತ್ತು. ರಸ್ತೆ ಏರಿದ ಮೇಲೆ ತಲೆ ತಾಗತೊಡಗಿತು, ‘ಅಡ್ಡ ಅದ’ ಎಂದು ಕಮಾನನ್ನೇ ಕೆಡವಿದರು. ಹೊಸ ಪದರ ಹಾಕುವ ಮುನ್ನ ಹಳೆಯದನ್ನು ಯಂತ್ರದಿಂದ ಕೆರೆದು ತೆಗೆದರೆ ಮಟ್ಟ ಏರುವುದಿಲ್ಲ, ತೆಗೆದದ್ದನ್ನು ಮತ್ತೆ ಬಳಸಲೂ ಬಹುದು. ಊರೊಳಗಿನ ಒಂದೊಂದು ಕಿಲೋಮೀಟರಿಗಾದರೂ ಇದನ್ನು ಕಡ್ಡಾಯ ಮಾಡಬಹುದು.

ಮಾಹಿತಿ ಇಲ್ಲ ಎನ್ನುವಂತಿಲ್ಲ. ರಾಜ್ಯ ಪುರಾತತ್ವ ಇಲಾಖೆಯೇ ಊರೂರು ತಿರುಗಿ ಗ್ರಾಮವಾರು ಸರ್ವೇಕ್ಷಣೆ ಮಾಡುತ್ತ ಬಂದಿದೆ. ಗಾಯರಾಣದ ಸರ್ವೆ ನಂಬರುಗಳು ತಹಶೀಲ್ದಾರರ ಕಚೇರಿಯಲ್ಲಿವೆ. ಈ ಎರಡನ್ನೂ ರಸ್ತೆಯ ನಕ್ಷೆಯ ಮೇಲೆ ಇಟ್ಟು, ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಬೀಳುವ ಮೊದಲು, ಶಾಸನ ಓದಬಲ್ಲವರೊಬ್ಬರು, ಕಂದಾಯ ಇಲಾಖೆಯವರೊಬ್ಬರು, ಎಂಜಿನಿಯರೊಬ್ಬರು, ಊರ ಹಿರಿಯರಿಬ್ಬರು ಗೆರೆಯುದ್ದಕ್ಕೂ ನಡೆಯಬೇಕು. ಊರ ಹಿರಿಯರಲ್ಲಿ ಒಬ್ಬಳಾದರೂ ದನ ಕಾಯುವವಳಿರಲಿ, ಬಾವಿ, ದಿಬ್ಬ, ಬಂಡಿದಾರಿ ಅವಳಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರದು. ಕಲಬುರಗಿಯಿಂದ ರಿಬ್ಬನಪಲ್ಲಿಯವರೆಗೆ ನಡೆದರೂ ಕೆಲವೇ ವಾರದ ಕೆಲಸ. ಒಂದು ತಡೆಯಾಜ್ಞೆ ತಿನ್ನುವ ಕಾಲಕ್ಕಿಂತ ಬಹಳ ಕಡಿಮೆ.

ಮಳಖೇಡದಲ್ಲಿ ಈ ನಡಿಗೆ ಸೇತುವೆಯಿಂದಲೇ ಶುರುವಾಗಬೇಕು. ಸೇತುವೆ ಎತ್ತರವಾದಷ್ಟೂ ಎರಡೂ ಬದಿಯ ಏರುರಸ್ತೆ ಉದ್ದವಾಗುತ್ತದೆ. ಆ ಏರುರಸ್ತೆಯನ್ನು ಮಣ್ಣು ತುಂಬಿ ಕಟ್ಟಿದರೆ ಅದು ಪ್ರವಾಹದ ಬಯಲಿಗೆ ಅಡ್ಡ ಹಾಕಿದ ಒಡ್ಡಿನಂತೆ ನಿಂತು ಮೇಲ್ಭಾಗದಲ್ಲಿ ನೀರನ್ನು ಏರಿಸುತ್ತದೆ. ಲಾರಿ ನಿಲ್ಲುವುದು ತಪ್ಪಿ ಊರು ಮುಳುಗುವುದು ಹೆಚ್ಚಾಗಬಹುದು. ಕಂಬಗಳ ಮೇಲೆ ಒಯ್ದರೆ ಖರ್ಚು ಹೆಚ್ಚು, ನೀರಿಗೆ ದಾರಿ ಉಳಿಯುತ್ತದೆ. ಭಾರದ ಲಾರಿಗಳಿಗೆ ಊರ ಹೊರಗಿನಿಂದ ಬೇರೆ ದಾರಿ ಕೊಟ್ಟರೆ ಕೋಟೆಯ ಗೋಡೆಗೂ ಊರ ಮಕ್ಕಳಿಗೂ ಉಸಿರಾಡಲು ಜಾಗ ಸಿಗುತ್ತದೆ, ಆದರೆ ಆ ದಾರಿಗೆ ಯಾರ ಹೊಲ, ಯಾವ ಗಾಯರಾಣ, ಯಾವ ದಿಬ್ಬ ಎಂಬ ಪ್ರಶ್ನೆ ಮತ್ತೆ ಬರುತ್ತದೆ. ಇವನ್ನೆಲ್ಲ ಕೇಳಬೇಕಾದ್ದು ಮಠದ ಮೆಟ್ಟಿಲ ಮೇಲೆ, ಕೋಟೆಯ ಬಾಗಿಲಲ್ಲಿ, ಹೊಳೆಯ ದಂಡೆಯಲ್ಲಿ ನಿಂತು, ಹೋದ ಸಲ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಕಲೆ ತೋರಿಸಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡು.